ಬೆನ್ನು ಕೊಟ್ಟ ಊರು

ಹೊಳೆ ಮಗ್ಗುಲು ಬದಲಿಸುವ ಜಾಗದಲ್ಲಿ ಒಂದು ಊರಿತ್ತು. ಆ ಊರಿನಲ್ಲಿ ಸುಳ್ಳು ಹೇಳಿದವರನ್ನು ಕ್ಷಮಿಸುತ್ತಿದ್ದರು, ತೂಕದಲ್ಲಿ ಮೋಸ ಮಾಡಿದವರನ್ನು ಬೈದು ಬಿಟ್ಟುಬಿಡುತ್ತಿದ್ದರು. ತಾಯಿ ಮಗುವಿಗೆ ಹಾಲು ಕೊಡುವುದನ್ನು ನೋಡಿದವರನ್ನು ಮಾತ್ರ ಕ್ಷಮಿಸುತ್ತಿರಲಿಲ್ಲ.

ಅದಕ್ಕೊಂದು ಕಟ್ಟಳೆ ಇತ್ತು. ಹೊಳೆದಂಡೆಯ ಸಂತೆಮಾಳದಲ್ಲಿ ಎತ್ತರದ ಜಗಲಿ, ಜಗಲಿಯ ಮೇಲೆ ಎರಡು ಕಲ್ಲುಕಂಬ, ಕಂಬಗಳ ನಡುವೆ ಕಂಚಿನ ಗಂಟೆ. ಮನೆಯ ಹೊರಗೆ ಮಗುವಿಗೆ ಹಾಲು ಕೊಡಬೇಕಾದ ತಾಯಿ ಮೊದಲು ಜಗಲಿ ಹತ್ತಿ ಆ ಗಂಟೆ ಹೊಡೆಯಬೇಕು. ಗಂಟೆಯಾದ ಕೂಡಲೇ ಊರಿಗೆ ಊರೇ ಅವಳಿಗೆ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ಕೈಕಟ್ಟಿ ನಿಲ್ಲಬೇಕು. ಮಗುವಿನ ಹೊಟ್ಟೆ ತುಂಬಿ, ಅವಳು ಸೆರಗು ಸರಿಮಾಡಿಕೊಂಡು ಮತ್ತೆ ಗಂಟೆ ಹೊಡೆಯುವ ತನಕ ಯಾರು ಕರೆದರೂ ತಿರುಗಬಾರದು, ಏನು ಕೇಳಿಸಿದರೂ ಕಣ್ಣು ಬಿಡಬಾರದು. ತಿರುಗಿದವರಿಗೆ ‘ಹಾಲು ಬತ್ತಿಸಿದವರು’ ಎಂಬ ಹೆಸರು ಬೀಳುತ್ತಿತ್ತು. ಆ ಹೆಸರು ಬಿದ್ದ ಮನೆಯಿಂದ ಯಾರೂ ಹೆಣ್ಣು ತರುತ್ತಿರಲಿಲ್ಲ, ಆ ಮನೆಯ ಹೆಣಕ್ಕೆ ಯಾರೂ ಹೆಗಲು ಕೊಡುತ್ತಿರಲಿಲ್ಲ.

ಇದನ್ನು ಊರವರು ಮರ್ಯಾದೆ ಎಂದು ಕರೆಯುತ್ತಿದ್ದರು. ಬೇರೆ ಊರಿನಿಂದ ಬಂದವರಿಗೆ ಜಗಲಿಯನ್ನೂ ಗಂಟೆಯನ್ನೂ ತೋರಿಸಿ, ತಾಯಂದಿರಿಗೆ ನಮ್ಮಲ್ಲಿರುವ ಮರ್ಯಾದೆ ಇನ್ನೆಲ್ಲೂ ಸಿಗಲಿಕ್ಕಿಲ್ಲ ಎನ್ನುತ್ತಿದ್ದರು. ಅದನ್ನು ಅವರು ನಂಬಿಯೂ ಇದ್ದರು.

ಆದರೆ ಗಂಟೆಯಾದಾಗ ಕುಂಬಾರಗಿತ್ತಿಯ ತಿಗುರಿಯ ಮೇಲಿನ ಹಸಿಮಡಕೆ ಅವಳ ಕೈ ತಪ್ಪಿ ಕುಸಿಯುತ್ತಿತ್ತು. ಗಾಣಿಗನ ಕೊಳಗದಲ್ಲಿ ಎಣ್ಣೆ ತುಂಬಿ ನೆಲಕ್ಕೆ ಹರಿಯುತ್ತಿತ್ತು. ಒಲೆಯ ಮೇಲಿನ ಅನ್ನ ಸೀಯುತ್ತಿತ್ತು. ಒಮ್ಮೆ ತಾಳಿ ಕಟ್ಟುವ ಹೊತ್ತಿಗೆ ಗಂಟೆಯಾಗಿ, ಮದುಮಗ ತಾಳಿ ಹಿಡಿದುಕೊಂಡೇ ಮದುಮಗಳಿಗೆ ಬೆನ್ನು ಮಾಡಿ ನಿಂತು, ಮುಹೂರ್ತ ಮೀರಿಹೋಯಿತು. ಯಾರೂ ಏನೂ ಅನ್ನುತ್ತಿರಲಿಲ್ಲ. ತಾಯಿಯನ್ನು ಅನ್ನುವುದುಂಟೇ. ನಿಟ್ಟುಸಿರು ಬಿಡುತ್ತಿದ್ದರು, ಅಷ್ಟೇ. ಬೆನ್ನುಗಳು ಏರಿ ಇಳಿಯುತ್ತಿದ್ದವು. ಜಗಲಿಯ ಮೇಲೆ ಕುಳಿತ ತಾಯಿಗೆ ಊರಿನ ಮುಖ ಕಾಣುತ್ತಿರಲಿಲ್ಲ, ನಿಟ್ಟುಸಿರು ಕಾಣುತ್ತಿತ್ತು.

ಹಾಗಾಗಿ ತಾಯಂದಿರು ಹೊರಗೆ ಬರುವುದನ್ನೇ ಬಿಟ್ಟರು. ಬಾಣಂತಿಯಾಗಿ ಒಳಕೋಣೆ ಸೇರಿದವಳು ಮಗು ರೊಟ್ಟಿ ಕಡಿಯುವ ತನಕ ಒಳಕೋಣೆಯಲ್ಲೇ ಉಳಿಯುತ್ತಿದ್ದಳು. ಬೀದಿಯಲ್ಲಿ ನಡೆದರೆ ಬಾಗಿಲುಗಳ ಹಿಂದಿನಿಂದ ಜೋಗುಳ ಕೇಳಿಸುತ್ತಿತ್ತು. ಹಾಡುವವರು ಯಾರೆಂದು ತಿಳಿಯುತ್ತಿರಲಿಲ್ಲ.

ಅಂಥ ಊರಿಗೆ ಆಚೆದಡದಿಂದ ಚಿಕ್ಕತಾಯಿ ಸೊಸೆಯಾಗಿ ಬಂದಳು. ಗಂಡ ಗುಡ್ಡದಲ್ಲಿ ಕಲ್ಲು ಒಡೆಯುವವನು, ಬೆಳಗಾಗುವ ಮೊದಲೇ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಮನೆಯಲ್ಲಿ ಅತ್ತೆ ಇರಲಿಲ್ಲ, ನಾದಿನಿ ಇರಲಿಲ್ಲ. ಚಿಕ್ಕತಾಯಿ ಕಾಡಿನಂಚಿನಿಂದ ಸೀಗೆಕಾಯಿ, ಅಂಟುವಾಳ ಆಯ್ದು ತಂದು ಸಂತೆಯಲ್ಲಿ ಮಾರುತ್ತಿದ್ದಳು. ಮಗ ಹುಟ್ಟಿದ ಮೇಲೂ ಅವಳು ಒಳಕೋಣೆಯಲ್ಲಿ ಕೂರುವಂತಿರಲಿಲ್ಲ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು.

ಮೊದಲ ಸಲ ಅವಳು ಗಂಟೆ ಹೊಡೆದಾಗ, ಇಡೀ ಸಂತೆ ಒಂದೇ ಬಾರಿಗೆ ತನಗೆ ಬೆನ್ನು ಮಾಡಿದ್ದನ್ನು ಕಂಡು ಅವಳು ಕೂಸನ್ನು ಅವಚಿಕೊಂಡಳು. ಏನೋ ತಪ್ಪು ಮಾಡಿದ್ದಕ್ಕೆ ತನ್ನನ್ನು ಹೊರಗಿಟ್ಟಿದ್ದಾರೆ ಅನ್ನಿಸಿತು. ಅವಳ ಊರಿನಲ್ಲಿ ಸತ್ತವರನ್ನು ಮಣ್ಣು ಮಾಡಿ ಬರುವಾಗ ಹಾಗೆ ಬೆನ್ನು ತಿರುಗಿಸುತ್ತಿದ್ದರು.

ಸಂಜೆ ಗಂಡನಿಗೆ ಹೇಳಿದಳು.

"ಅದು ಮರ್ಯಾದೆ ಕಣೇ," ಅಂದ ಅವನು. "ನಿನಗೋಸ್ಕರಾನೇ ನಿಲ್ತಾರೆ."

"ಇರಬಹುದು. ನಿಂತವರ ಬೆನ್ನು ನೋಡಿದ್ರೆ ನಂಗೆ ಹಾಲೇ ಇಳಿಯಲ್ಲ."

"ಊರಿನ ಕಟ್ಟಳೆ. ಮೀರೋಕಾಗುತ್ತಾ?" ಅಂದು, ಕೂಸನ್ನು ಎತ್ತಿಕೊಂಡು ಹೊರಗೆ ಹೋದ.

ಅಂದಿನಿಂದ ಅವಳು ಗಂಟೆಗೆ ಹೆದರತೊಡಗಿದಳು. ಮಗು ಅತ್ತರೆ ಬೆಲ್ಲದ ನೀರಿನಲ್ಲಿ ಅದ್ದಿದ ಬಟ್ಟೆ ಚೀಪಿಸಿದಳು. ಇನ್ನೂ ಅತ್ತರೆ ಭುಜಕ್ಕೆ ಹಾಕಿ ತಟ್ಟಿದಳು. ಕುಂಬಾರಗಿತ್ತಿ ಈ ಮಡಕೆ ಮುಗಿಸಿಕೊಳ್ಳಲಿ, ಗಾಣಿಗ ಈ ಗಿರಾಕಿಯನ್ನು ಕಳಿಸಲಿ ಎಂದು ಕಾದಳು. ಸಂತೆಯಲ್ಲಿ ಯಾವಾಗಲೂ ಯಾರದಾದರೂ ಕೆಲಸ ಅರ್ಧ ಆಗಿರುತ್ತದೆ. ಮಗು ಅತ್ತು ಅತ್ತು ಸೋತು ನಿದ್ದೆ ಹೋಗುತ್ತಿತ್ತು. ಅವಳ ಎದೆಯಲ್ಲಿ ಹಾಲು ಕಟ್ಟಿಕೊಂಡಿತು. ಕಲ್ಲಿನಂತಾಗಿ, ಕೆಂಪಾಗಿ, ಮೈ ಸುಡುವ ಜ್ವರ ಬಂತು.

ಗಂಡ ಸೂಲಗಿತ್ತಿಯನ್ನು ಕರೆತಂದ. ಅವಳು ಬಿಸಿನೀರಿನ ಬಟ್ಟೆಯಿಟ್ಟು ಒತ್ತಿ, ಹಾಲು ಹಿಂಡಿ, ಬೆವರೊರೆಸಿಕೊಂಡು ಹೇಳಿದಳು: "ಮಗಳೇ, ಮಗು ಕೇಳಿದಾಗ ಕೊಡು. ಊರು ಕಾಯುತ್ತೆ, ಹಾಲು ಕಾಯಲ್ಲ."

"ಊರು ನಿಟ್ಟುಸಿರು ಬಿಡುತ್ತೆ ಅಜ್ಜಿ."

"ಬಿಡ್ಲಿ ಬಿಡು. ಉಸಿರು ತಾನೇ."

ಜ್ವರ ಇಳಿಯಿತು. ಚಿಕ್ಕತಾಯಿ ಮತ್ತೆ ಸಂತೆಗೆ ಬಂದಳು. ಆ ದಿನ ಹೊಳೆ ತುಸು ಏರಿತ್ತು. ಮೇಲೆಲ್ಲೋ ಮಳೆಯಾಗಿ ನೀರಿನ ಬಣ್ಣ ಕೆಂಪಾಗಿತ್ತು. ಊರಿನಿಂದ ಸ್ವಲ್ಪ ಕೆಳಗೆ ಹಳೆಯ ಕಲ್ಲಿನ ಒಡ್ಡು ಇತ್ತು. ಅದರಾಚೆ ನೀರು ಬಂಡೆಗಳ ಮೇಲೆ ಬೀಳುವ ಸದ್ದು ಸಂತೆಮಾಳದ ತನಕ ಕೇಳಿಸುತ್ತಿತ್ತು.

ಮಗು ಅತ್ತಿತು. ಅವಳು ಯಾರನ್ನೂ ನೋಡದೆ, ಯಾರ ಕೆಲಸಕ್ಕೂ ಕಾಯದೆ ಜಗಲಿ ಹತ್ತಿ ಗಂಟೆ ಹೊಡೆದಳು.

ಆಗ ತಾನೇ ಅಂಬಿಗ ಆಚೆದಡಕ್ಕೆ ಹೋಗಿದ್ದ ಊರಿನವರನ್ನು ಹರಿಗೋಲು ತುಂಬ ಸಂತೆಗೆ ತಂದಿದ್ದ. ದಡಕ್ಕಿಳಿದು ಹಗ್ಗವನ್ನು ಗೂಟಕ್ಕೆ ಸುತ್ತಿದ್ದ, ಗಂಟು ಹಾಕಿರಲಿಲ್ಲ. ಗಂಟೆ ಕೇಳಿದ್ದೇ ಹಗ್ಗ ಬಿಟ್ಟು ಬೆನ್ನು ತಿರುಗಿಸಿ ಕಣ್ಣು ಮುಚ್ಚಿದ. ಹರಿಗೋಲಿನಲ್ಲಿದ್ದವರೂ ಕುಳಿತಲ್ಲೇ ತಿರುಗಿ ಕಣ್ಣು ಮುಚ್ಚಿದರು. ಮೇಕೆಮರಿಯನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸು, ಕೋಲು ಹಿಡಿದ ಮುದುಕ, ಹೊಸದಾಗಿ ಮದುವೆಯಾದ ಜೋಡಿ, ಇನ್ನೂ ಯಾರೋ ಕೆಲವರು. ಎಲ್ಲರೂ ಕೈ ಕಟ್ಟಿಕೊಂಡರು.

ಇಡೀ ಸಂತೆ ಹಾಗೇ ನಿಂತಿತು. ತಕ್ಕಡಿ ತೂಗಾಡಿ ನಿಂತಿತು, ಬೀಸಣಿಗೆ ನಿಂತಿತು, ಮಾತು ನಿಂತಿತು. ಮಗು ಗುಟುಕು ಗುಟುಕಾಗಿ ಹಾಲು ಕುಡಿಯತೊಡಗಿತು. ಇಷ್ಟು ದಿನದ ನೋವಿನ ಮೇಲೆ ಅವಳಿಗೆ ಮೈಯೆಲ್ಲ ಹಗುರವಾದಂತಾಗಿ, ಕಂಬಕ್ಕೆ ಒರಗಿ ತಲೆಯೆತ್ತಿದಳು.

ಊರೆಲ್ಲ ಕಣ್ಣು ಮುಚ್ಚಿದ್ದ ಆ ಹೊತ್ತಿನಲ್ಲಿ ಕಣ್ಣು ತೆರೆದಿದ್ದವಳು ಅವಳೊಬ್ಬಳೇ. ಹಗ್ಗ ಗೂಟದಿಂದ ಸುತ್ತು ಸುತ್ತಾಗಿ ಬಿಚ್ಚಿಕೊಳ್ಳುವುದನ್ನು ಅವಳು ಕಂಡಳು. ಹರಿಗೋಲು ದಡ ಬಿಟ್ಟು, ಮೆಲ್ಲಗೆ ಬುಗುರಿಯಂತೆ ತಿರುಗುತ್ತ, ನಡುನೀರಿಗೆ ಸಾಗಿತು. ಅದರಲ್ಲಿದ್ದವರು ಕಣ್ಣು ಮುಚ್ಚಿಯೇ ಇದ್ದರು. ಹರಿಗೋಲು ಯಾವಾಗಲೂ ಅಲುಗಾಡುತ್ತದೆ. ಈಗಿನ ಅಲುಗಾಟ ಬೇರೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು.

"ಅಣ್ಣಾ, ಹಗ್ಗ ಬಿಚ್ಚಿತು," ಎಂದು ಕೂಗಿದಳು. "ಹರಿಗೋಲು ಹೋಗ್ತಿದೆ, ತಿರುಗಿ ನೋಡು."

ಅಂಬಿಗ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡ. ತಿರುಗಲಿಲ್ಲ.

"ಯಾರಾದ್ರೂ ತಿರುಗಿ. ಒಡ್ಡಿನ ಕಡೆಗೆ ಹೋಗ್ತಿದ್ದಾರೆ."

ಬೆನ್ನುಗಳು ಅಲುಗಿದವು. ಕುಂಬಾರಗಿತ್ತಿ ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿಕೊಂಡು, ಅತ್ತಲಿಂದಲೇ ಹೇಳಿದಳು: "ಏನಾಯ್ತು ತಾಯಿ? ಗಂಟೆ ಹೊಡಿ, ತಿರುಗ್ತೀವಿ."

"ಮಗು ಇನ್ನೂ ಕುಡೀತಿದೆ."

"ಹಾಗಾದ್ರೆ ಹೇಗೆ ತಿರುಗೋದು?" ಅಂದಳು ಕುಂಬಾರಗಿತ್ತಿ. ಅವಳ ದನಿಯಲ್ಲಿ ಅಳುವಿತ್ತು.

ಮಗುವಿನ ಹೊಟ್ಟೆ ತುಂಬುವ ಮೊದಲು, ಸೆರಗು ಸರಿಯಾಗುವ ಮೊದಲು ಹೊಡೆದ ಗಂಟೆ ಸುಳ್ಳು ಗಂಟೆ. ಸುಳ್ಳು ಗಂಟೆ ಹೊಡೆದ ಹೆಣ್ಣನ್ನು ಹೊಳೆ ದಾಟಿಸಿ ಬಿಟ್ಟುಬರುತ್ತಿದ್ದರು. ಅದು ಚಿಕ್ಕತಾಯಿಗೆ ಗೊತ್ತಿತ್ತು. ಗಂಡನ ಮುಖ ನೆನಪಾಯಿತು. ಹರಿಗೋಲು ಇನ್ನೊಂದು ಸುತ್ತು ತಿರುಗಿತು. ಕೋಲು ಹಿಡಿದ ಮುದುಕನ ಮುಖ ಅವಳ ಕಡೆಗೆ ಬಂತು. ಕಣ್ಣು ಮುಚ್ಚಿ ಕುಳಿತ ಆ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಊರಿನ ಮರ್ಯಾದೆ ಉಳಿಸುತ್ತಿದ್ದೇನೆ ಎಂಬ ನೆಮ್ಮದಿ ಇತ್ತು. ತನ್ನ ಗಂಟೆಗಾಗಿಯೇ ಇವರು ಕುರುಡಾಗಿದ್ದಾರೆ ಎಂದು ಅವಳಿಗೆ ಹೊಳೆಯಿತು.

ಅವಳು ಮಗುವನ್ನು ಎದೆಯಿಂದ ಬಿಡಿಸಲಿಲ್ಲ. ಬಿಡಿಸಲು ಹೊತ್ತಿರಲಿಲ್ಲ. ಒಂದು ಕೈಯಲ್ಲಿ ಕೂಸನ್ನು ಅವಚಿಕೊಂಡು ಎದ್ದು, ಇನ್ನೊಂದು ಕೈಯಲ್ಲಿ ಗಂಟೆಯ ಹಗ್ಗ ಹಿಡಿದು ಜಗ್ಗಿದಳು. ಮತ್ತೆ ಜಗ್ಗಿದಳು. ಆ ಗಂಟೆ ಅಷ್ಟು ಜೋರಾಗಿ ಯಾವತ್ತೂ ಆಗಿರಲಿಲ್ಲ.

ಊರು ತಿರುಗಿತು. ಊರು ಕಣ್ಣು ಬಿಟ್ಟಿತು.

"ಅಲ್ಲಿ," ಎಂದು ಅವಳು ಕೈ ತೋರಿಸಿದಳು.

ಅಂಬಿಗ ನೀರಿಗೆ ಹಾರಿದ. ಹರಿಗೋಲಿನಲ್ಲಿದ್ದವರು ಕಣ್ಣು ಬಿಟ್ಟು ಸುತ್ತ ನೀರನ್ನು ಕಂಡು ಒಬ್ಬರನ್ನೊಬ್ಬರು ತಬ್ಬಿ ಹಿಡಿದರು. ಬಟ್ಟೆ ವ್ಯಾಪಾರಿ ಹೊಸ ಸೀರೆ ಬಟ್ಟೆಯ ಇಡೀ ಸುರುಳಿಯನ್ನೇ ಹೊತ್ತು ದಡದುದ್ದಕ್ಕೂ ಓಡಿದ. ಒಂದು ತುದಿಯನ್ನು ಗಾಣಿಗನ ಕೈಗೆ ಕೊಟ್ಟು ಸುರುಳಿಯನ್ನು ಹೊಳೆಗೆ ಎಸೆದ. ಅದು ಬಿಚ್ಚುತ್ತ ಬಿಚ್ಚುತ್ತ ಕೆಂಪುನೀರಿನ ಮೇಲೆ ಅರಿಶಿನದ ದಾರಿಯಂತೆ ಹಾಸಿಕೊಂಡಿತು, ಆದರೆ ಹರಿಗೋಲಿನಿಂದ ದೂರ.

"ಒಡ್ಡಿನ ಈಚೆ ಬಂಡೆ ಇದೆಯಲ್ಲ, ಅದರ ಪಕ್ಕಕ್ಕೆ ಎಸಿ ಅಣ್ಣಾ," ಎಂದಳು ಚಿಕ್ಕತಾಯಿ. ಎತ್ತರದ ಜಗಲಿಯಿಂದ ಅವಳಿಗೆ ಸುಳಿ ಎಲ್ಲಿದೆ, ಸೆಳವು ಎತ್ತ ಹೋಗುತ್ತದೆ ಎಲ್ಲ ಕಾಣುತ್ತಿತ್ತು. "ನೀರು ಅಲ್ಲಿಂದ ಒಳಗೆ ತರುತ್ತೆ."

ವ್ಯಾಪಾರಿ ಅವಳನ್ನು ನೋಡಿದ, ಬಂಡೆಯನ್ನು ನೋಡಿದ, ಬಟ್ಟೆ ಎಳೆದುಕೊಂಡು ಮತ್ತೆ ಎಸೆದ. ಈಜುತ್ತಿದ್ದ ಅಂಬಿಗ ತುದಿಯನ್ನು ಹಿಡಿದು ಹಲ್ಲಿನಲ್ಲಿ ಕಚ್ಚಿಕೊಂಡ. ಅವನೂ ತಲೆಯೆತ್ತಿ ಜಗಲಿಯತ್ತ ನೋಡಿದ. ಅವಳು ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ ಈಜಿದ. ದಡದ ಮೇಲಿದ್ದವರೆಲ್ಲ ಅವಳನ್ನು ನೋಡುತ್ತಿದ್ದರು, ಅವಳು ತೋರಿಸಿದತ್ತ ನೋಡುತ್ತಿದ್ದರು, ಮತ್ತೆ ಅವಳನ್ನು ನೋಡುತ್ತಿದ್ದರು. ಅಂಬಿಗ ಹರಿಗೋಲಿನ ಅಂಚು ಹಿಡಿದು ಬಟ್ಟೆಯನ್ನು ಕಟ್ಟಿದ. ಗಾಣಿಗ, ಕುಂಬಾರಗಿತ್ತಿ, ಕಟ್ಟಳೆ ಕಾಯುವ ಊರಹಿರಿಯ ದೊಡ್ಡಯ್ಯ, ಸೂಲಗಿತ್ತಿ, ಸಿಕ್ಕವರೆಲ್ಲ ಸಾಲಾಗಿ ನಿಂತು ಎಳೆದರು. ಬಟ್ಟೆ ಬಿಗಿದುಕೊಂಡಿತು, ನೀರು ಸುರಿಸಿತು, ಆದರೆ ಕಿತ್ತುಹೋಗಲಿಲ್ಲ. ಒಡ್ಡಿನ ಮಗ್ಗುಲಿಂದ ಹರಿಗೋಲು ಹಿಂದಕ್ಕೆ ಬಂತು.

ಮೇಕೆಮರಿಯೂ ಉಳಿಯಿತು.

ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸಿಕೊಂಡರು. ಯಾರೋ ಅತ್ತರು, ಯಾರೋ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಸದ್ದು ಇಳಿಯಿತು. ಸದ್ದು ಇಳಿದಾಗ ಎಲ್ಲರ ಕಣ್ಣೂ ಜಗಲಿಯ ಮೇಲೆ ನೆಟ್ಟಿತ್ತು. ತಾವು ಏನನ್ನು ನೋಡುತ್ತಿದ್ದೇವೆಂದು ಆಗ ಅವರಿಗೆ ಅರಿವಾಯಿತು. ಚಿಕ್ಕತಾಯಿ ಕಂಬಕ್ಕೊರಗಿ ನಿಂತಿದ್ದಳು. ಮಗು ಇಷ್ಟು ಹೊತ್ತೂ ಹಾಲು ಕುಡಿಯುತ್ತಲೇ ಇತ್ತು.

ತಿರುಗುವುದಕ್ಕೆ ತಡವಾಗಿತ್ತು. ನೋಡುತ್ತಿರುವುದಕ್ಕೆ ನಾಚಿಕೆಯಾಗುತ್ತಿತ್ತು. ಕಣ್ಣನ್ನು ಎಲ್ಲಿಡಬೇಕೋ ಯಾರಿಗೂ ತಿಳಿಯದ ಆ ಹೊತ್ತಿನಲ್ಲಿ ಮಗು ಎದೆ ಬಿಟ್ಟಿತು. ತಲೆಯೆತ್ತಿ ಊರನ್ನು ನೋಡಿತು. ನೋಡಿ, ಇಡೀ ಸಂತೆಗೆ ಕೇಳುವಂತೆ ತೇಗಿತು.

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ನೆನೆದ ಬಟ್ಟೆಯಲ್ಲಿ ನಡುಗುತ್ತಿದ್ದ ಮುದುಕನಿರಬೇಕು. ಆಮೇಲೆ ಎಲ್ಲರೂ ನಕ್ಕರು. ದೊಡ್ಡಯ್ಯ ಮಾತ್ರ ನಗಲಿಲ್ಲ. "ನಾಳೆ ಬೆಳಿಗ್ಗೆ ಚಾವಡಿಗೆ ಬಾ," ಎಂದು ಚಿಕ್ಕತಾಯಿಗೆ ಹೇಳಿ ಹೊರಟುಹೋದ.

ಆ ಸಂಜೆ ಗಂಡನಿಗೆ ಅವಳು ಎಲ್ಲವನ್ನೂ ಹೇಳಿದಳು. ಅವನು ಕೂಸನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, "ಹೊಳೆ ದಾಟಿಸಿದ್ರೆ ಇಬ್ಬರೂ ದಾಟೋಣ. ಆಚೆದಡದಲ್ಲೂ ಕಲ್ಲಿದೆ," ಅಂದ.

ಬೆಳಿಗ್ಗೆ ಚಾವಡಿ ತುಂಬಿತ್ತು. ದೊಡ್ಡಯ್ಯ ಕಂಬದ ಬಳಿ ಕುಳಿತಿದ್ದ. ಕೆಟ್ಟವನಲ್ಲ ಅವನು. ಗಂಟೆಯಾದಾಗ ಎಲ್ಲರಿಗಿಂತ ಮೊದಲು ಬೆನ್ನು ತಿರುಗಿಸಿ, ಎಲ್ಲರಿಗಿಂತ ನೆಟ್ಟಗೆ ನಿಲ್ಲುತ್ತಿದ್ದವನು. ನಿಟ್ಟುಸಿರು ಬಿಡದವನು ಅವನೊಬ್ಬನೇ.

"ಸುಳ್ಳು ಗಂಟೆ ಹೊಡೆದೆಯಾ ಮಗಳೇ?"

"ಹೌದು ದೊಡ್ಡಯ್ಯ."

"ಮಗು ಕುಡೀತಿತ್ತು."

"ಕುಡೀತಿತ್ತು."

ಅಂಬಿಗ ಮುಂದೆ ಬಂದ. "ತಪ್ಪು ನಂದು. ಗಂಟು ಹಾಕದೆ ತಿರುಗಿಬಿಟ್ಟೆ."

"ತಿರುಗದೆ ಗಂಟು ಹಾಕ್ತಾ ನಿಂತಿದ್ರೆ ಅದೂ ತಪ್ಪೇ ಆಗ್ತಿತ್ತು," ಅಂದ ದೊಡ್ಡಯ್ಯ. ಅಂದವನು ತನ್ನ ಮಾತನ್ನೇ ಕೇಳಿಸಿಕೊಂಡಂತೆ ತಲೆಯೆತ್ತಿ ಜನರನ್ನು ನೋಡಿದ. ಆಮೇಲೆ ನಿಧಾನವಾಗಿ ಹೇಳಿದ.

"ಈ ಕಟ್ಟಳೆ ಯಾಕೆ ಬಂತು ಅಂತ ನಿಂಗೆ ಗೊತ್ತಿಲ್ಲ. ನಮ್ಮ ಅಜ್ಜಿಯ ಅಜ್ಜಿ ಹೇಳಿದ್ದು. ಹಿಂದೆ ಒಬ್ಬಳು ಇದೇ ಸಂತೇಲಿ ಕೂತು ಮಗೂಗೆ ಹಾಲು ಕೊಡ್ತಿದ್ದಳು. ಕೆಲವರು ಸುತ್ತ ನಿಂತು ನೋಡಿದ್ರು, ಏನೇನೋ ಆಡಿಕೊಂಡು ನಕ್ಕರು. ಅವಳು ಎದ್ದು ಮನೆಗೆ ಹೋದಳು. ಅವಮಾನಕ್ಕೆ ಎದೆ ಬತ್ತಿಹೋಯ್ತು. ಮಗು ಉಳೀಲಿಲ್ಲ. ಆಮೇಲೆ ಊರಿಗೆ ಬುದ್ಧಿ ಬಂತು. ಇನ್ನು ಯಾವ ತಾಯಿಗೂ ಹಾಗಾಗಬಾರದು ಅಂತ ಬೆನ್ನು ತಿರುಗಿಸಿದ್ರು."

ಚಿಕ್ಕತಾಯಿಯ ಕಣ್ಣು ತುಂಬಿತು. ಇಷ್ಟು ದಿನ ತನ್ನೆದುರು ನಿಂತ ಬೆನ್ನುಗಳ ಹಿಂದೆ ಅಂಥದೊಂದು ಸಾವು ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

"ಪಾಪ," ಅಂದಳು. "ಅವತ್ತು ಒಬ್ಬರಾದ್ರೂ ಹೋಗಿ ಅವಳ ಪಕ್ಕ ಕೂತಿದ್ರೆ ದೊಡ್ಡಯ್ಯ?"

ದೊಡ್ಡಯ್ಯ ಅವಳನ್ನೇ ನೋಡಿದ.

"ಒಬ್ಬ ಹೆಂಗಸು, ಒಬ್ಬ ಗಂಡಸು, ಯಾರಾದ್ರೂ ಸರಿ," ಅಂದಳು ಚಿಕ್ಕತಾಯಿ. "ನಕ್ಕವರನ್ನ 'ಹೋಗ್ರಯ್ಯ ನಿಮ್ಮ ಕೆಲಸ ನೋಡಿಕೊಳ್ಳಿ' ಅಂತ ಗದರಿಸಿ, ಅವಳ ಪಕ್ಕ ಕೂತು ಬಿಸಿಲು ಜಾಸ್ತಿ ಆಯ್ತು ಅಂತಲೋ ಏನೋ ಒಂದು ಮಾತಾಡಿದ್ರೆ ಅವಳು ಮನೆಗೆ ಓಡ್ತಿರಲಿಲ್ಲ ಅನ್ಸುತ್ತೆ. ನಕ್ಕವರೂ ಅವಳನ್ನ ಒಂಟಿ ಮಾಡಿದ್ರು. ನೀವು ಒಳ್ಳೆ ಮನಸ್ಸಿನಿಂದಾನೇ ಬೆನ್ನು ತಿರುಗಿಸ್ತೀರಿ. ಆದ್ರೆ ಜಗಲಿ ಮೇಲೆ ನಾನೂ ಒಂಟಿ."

ಬಟ್ಟೆ ವ್ಯಾಪಾರಿ ಎದ್ದು ನಿಂತ. ಮುಖ ಕೆಂಪಾಗಿತ್ತು. "ನಾನೊಂದು ಮಾತು ಹೇಳ್ತೀನಿ ಅಕ್ಕ, ಬೇಜಾರು ಮಾಡ್ಕೋಬೇಡ. ನಿನ್ನೆ ನಂಗೆ ಮುಜುಗರ ಆಯ್ತು. ಹರಿಗೋಲು ದಡಕ್ಕೆ ಬಂದ ಮೇಲೆ ಎಲ್ಲಿ ನೋಡಬೇಕು ಅಂತಲೇ ತಿಳೀಲಿಲ್ಲ. ಕಟ್ಟಳೆ ಇದ್ರೆ ಆ ತೊಂದರೆ ಇಲ್ಲ."

"ನಂಗೂ ಆಯ್ತಣ್ಣ," ಅಂದಳು ಚಿಕ್ಕತಾಯಿ. "ಬಟ್ಟೆ ಎಸೆಯುವಾಗ ಎಲ್ಲಿ ನೋಡ್ತಿದ್ದೆ?"

"ನಿನ್ನ ಮುಖ ನೋಡ್ತಿದ್ದೆ. ನೀನು ಏನು ಹೇಳ್ತೀಯೋ ಅಂತ."

"ಹಾಗೇ ನೋಡು. ಮಾತಾಡುವಾಗ ಯಾರದ್ದಾದ್ರೂ ಮುಖಾನೇ ತಾನೇ ನೋಡೋದು. ಮಾತಿಲ್ಲದಿದ್ರೆ ನಿನ್ನ ಬಟ್ಟೆ ನೋಡಿಕೊ. ನಾನೂ ನಿಂಗೆ ಮುಜುಗರ ಆಗೋ ಹಾಗೆ ಕೂರಲ್ಲ. ಸೆರಗು ಇದೆ, ಮರದ ನೆರಳಿದೆ. ಆದ್ರೆ ಮಗು ಸೆರಗು ಕಿತ್ತೆಸೆದ್ರೆ ಬೈಕೋಬೇಡ."

ಕೆಲವರು ನಕ್ಕರು. ಒಬ್ಬ ಮುದುಕಿ ಒಪ್ಪಲಿಲ್ಲ. ನಮ್ಮ ಕಾಲದಲ್ಲಿ ನಾವು ಒಳಗೇ ಇರಲಿಲ್ಲವೇ, ನಮಗೇನಾಯಿತು ಎಂದಳು. ಆಗ ಚಾವಡಿಯ ಹಿಂಬಾಗಿಲಲ್ಲಿ ಬಳೆಯ ಸದ್ದಾಯಿತು. ದೊಡ್ಡಯ್ಯನ ಸೊಸೆ ನಿಂತಿದ್ದಳು. ಹೆರಿಗೆಯಾದಂದಿನಿಂದ ಅವಳ ಮುಖವನ್ನು ಊರು ಕಂಡಿರಲಿಲ್ಲ. ಬಿಸಿಲು ಕಾಣದೆ ಬೆಳ್ಳಗಾಗಿದ್ದಳು. ಸೆರಗಿನೊಳಗೆ ಮಗುವಿತ್ತು.

"ಮಾವಯ್ಯ," ಅಂದಳು ತಲೆ ತಗ್ಗಿಸಿ. "ಚಿಕ್ಕತಾಯಕ್ಕನ ಹಾಗೆ ಎಲ್ಲರೆದುರು ಕೂತು ಕೊಡೋಕೆ ನಂಗಾಗಲ್ಲ. ನಂಗೆ ಮರೆ ಬೇಕು. ಆದ್ರೆ ಬಾಗಿಲು ಬೇಡ."

ದೊಡ್ಡಯ್ಯ ದನಿ ಬಂದತ್ತ ತಿರುಗಿದ. ಸೊಸೆ ಮನೆಯೊಳಗೆ ಸುಖವಾಗಿದ್ದಾಳೆ ಎಂದೇ ಅವನು ತಿಳಿದಿದ್ದ. ಅವಳು ಎಂದೂ ದೂರಿರಲಿಲ್ಲ. ಅವಳು ದೂರಲು ಅವನು ಎಂದೂ ಅವಳತ್ತ ತಿರುಗಿರಲೂ ಇಲ್ಲ.

ಗಾಣಿಗ ಗಂಟಲು ಸರಿಮಾಡಿಕೊಂಡ. "ಕಟ್ಟಳೆ ಪ್ರಕಾರ ಇನ್ನೊಂದು ಇದೆ ದೊಡ್ಡಯ್ಯ. ನಿನ್ನೆ ಇಡೀ ಊರು ನೋಡಿದೆ. ಹಾಗಾದ್ರೆ ನಾವೆಲ್ಲ ಹಾಲು ಬತ್ತಿಸಿದವರೇ. ಇನ್ನು ಯಾರು ಯಾರ ಮನೆಯಿಂದ ಹೆಣ್ಣು ತರೋದು?"

ಜನ ಗೊಂದಲಕ್ಕೆ ಬಿದ್ದರು. ಇದನ್ನು ಯಾರೂ ಯೋಚಿಸಿರಲಿಲ್ಲ. ಸೂಲಗಿತ್ತಿ ಕೋಲೂರಿ ಎದ್ದು, ಚಿಕ್ಕತಾಯಿಯ ಮುಂದೆ ಬಂದು ನಿಂತಳು.

"ಇಷ್ಟು ಜನ ನೋಡಿದ್ರಲ್ಲ. ಬತ್ತಿತೇನೇ?"

"ಇಲ್ಲ ಅಜ್ಜಿ. ನಿನ್ನೆ ಸಂಜೆಯಿಂದ ಉಕ್ಕಿ ಉಕ್ಕಿ ರವಿಕೆಯೆಲ್ಲ ಒದ್ದೆ."

ಚಾವಡಿಗೆ ಚಾವಡಿಯೇ ಉಸಿರು ಬಿಟ್ಟಿತು. ಎಷ್ಟೋ ತಲೆಮಾರಿನಿಂದ ಹಿಡಿದಿಟ್ಟ ಉಸಿರು ಅದು. ಅದರಲ್ಲಿ ಬೇಸರವಿರಲಿಲ್ಲ. ಕುಂಬಾರಗಿತ್ತಿ ಹೆಗಲು ಇಳಿಬಿಟ್ಟು, "ಅಬ್ಬಾ, ಬೆನ್ನು ನೋಯ್ತಿತ್ತು ಕಣವ್ವ," ಅಂದಳು, ಪಕ್ಕದವಳಿಗೆ.

ದೊಡ್ಡಯ್ಯ ತೀರ್ಪು ಅಂತ ಏನನ್ನೂ ಹೇಳಲಿಲ್ಲ. ಎದ್ದ, ಸೊಸೆಯ ಬಳಿ ಹೋದ. "ನಿನಗೆ ಎಲ್ಲಿ ಕೂರಬೇಕು ಅನ್ಸುತ್ತೋ ಅಲ್ಲಿ ಕೂತುಕೊ ಮಗಳೇ. ಮರೆ ನಾನು ಕಟ್ಟಿಸಿಕೊಡ್ತೀನಿ," ಅಂದ. ಚಿಕ್ಕತಾಯಿಯ ಕಡೆ ತಿರುಗಿ ಕೈ ಮುಗಿದ. ಅವಳೂ ಕೈ ಮುಗಿದಳು. ಗಂಟೆಯನ್ನು ಏನು ಮಾಡಬೇಕೆಂದು ಆ ದಿನ ಯಾರಿಗೂ ತೋಚಲಿಲ್ಲ. ಇದ್ದಲ್ಲೇ ಬಿಟ್ಟರು.

ಮುಂದಿನ ಸಂತೆಯ ದಿನ ಬಿಸಿಲು ಚೆನ್ನಾಗಿತ್ತು. ಹೊಳೆ ತಿಳಿಯಾಗಿತ್ತು. ಚಿಕ್ಕತಾಯಿ ಹುಣಸೆಮರದ ಬುಡದಲ್ಲಿ ಸೀಗೆಕಾಯಿ ಹರಡಿಕೊಂಡಿದ್ದಳು. ಅವಳ ಪಕ್ಕದಲ್ಲಿ ಒಂದು ಓಲೆಯ ತಡಿಕೆ, ತಡಿಕೆಯ ಹಿಂದೆ ದೊಡ್ಡಯ್ಯನ ಸೊಸೆ. ಅವಳು ತಡಿಕೆಯಾಚೆಯಿಂದಲೇ ಚಿಕ್ಕತಾಯಿಯೊಡನೆ ಮಾತಾಡುತ್ತ, ಆಗಾಗ ಇಣುಕಿ ಸಂತೆ ನೋಡಿ ನಗುತ್ತಿದ್ದಳು.

ಮಗು ಅತ್ತಿತು. ಚಿಕ್ಕತಾಯಿ ಕುಳಿತಲ್ಲೇ ಅದನ್ನು ಮಡಿಲಿಗೆಳೆದು ಸೆರಗು ಹೊದಿಸಿ ಹಾಲಿಗೆ ಬಿಟ್ಟಳು. ಅಭ್ಯಾಸಬಲದಿಂದ ಸಂತೆಯ ಅರ್ಧ ಜನ ಅರ್ಧ ತಿರುಗಿದರು. ತಿರುಗಿ ನೆನಪಾಗಿ, ಒಬ್ಬರನ್ನೊಬ್ಬರು ನೋಡಿ ನಾಚಿ, ಮೊದಲಿನಂತೆ ನಿಂತರು. ಕುಂಬಾರಗಿತ್ತಿಯ ತಿಗುರಿ ತಿರುಗುತ್ತಲೇ ಇತ್ತು. ಬಟ್ಟೆ ವ್ಯಾಪಾರಿ ಒಂದು ಗಳಿಗೆ ತಡಬಡಿಸಿ, ಆಮೇಲೆ ಯಾರಿಗೋ ಸೀರೆಯ ಅಂಚು ತೋರಿಸುವುದರಲ್ಲಿ ಮುಳುಗಿದ. ಒಬ್ಬಳು ಬಂದು ಸೀಗೆಕಾಯಿ ಒಣಗಿಲ್ಲವೆಂದು ಜಗಳ ತೆಗೆದಳು. ಚಿಕ್ಕತಾಯಿ ಹಾಲು ಕೊಡುತ್ತಲೇ, ಒಂದು ಕಾಯಿ ಮುರಿದು ಟಕ್ಕೆಂದು ಸದ್ದು ಕೇಳಿಸಿ, ಜಗಳ ಗೆದ್ದಳು.

ದೊಡ್ಡಯ್ಯ ಸಂತೆಯ ನಡುವೆ ನಡೆದು ಬಂದ. ಹುಣಸೆಮರ ಹತ್ತಿರವಾದಂತೆ ಅವನ ನಡೆ ನಿಧಾನವಾಯಿತು. ಇಡೀ ಬದುಕಿನಲ್ಲಿ ಅವನು ಹಾಲು ಕೊಡುವ ತಾಯಿಯ ಎದುರು ಮುಖ ಮಾಡಿ ನಿಂತವನಲ್ಲ. ಬಂದ, ನಿಂತ. ಅವಳ ಮುಖ ನೋಡಿದ. ಬಿಸಿಲಿಗೆ ಬೆವರಿದ್ದ, ಬಾಯಾರಿದ್ದ ಮುಖ ಅದು. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿ, ಎಲ್ಲರೂ ಎಲ್ಲರನ್ನೂ ಕೇಳುವುದೇ ಅವನ ಬಾಯಿಗೂ ಬಂತು.

"ಊಟ ಆಯ್ತಾ ಮಗಳೇ?"

ಚಿಕ್ಕತಾಯಿ ಮಡಿಲು ನೋಡಿಕೊಂಡಳು, ತಲೆಯೆತ್ತಿ ನಕ್ಕಳು.

"ಇವನದಾಗ್ತಿದೆ ದೊಡ್ಡಯ್ಯ. ನಂದಿನ್ನೂ ಇಲ್ಲ."

ದೊಡ್ಡಯ್ಯ ಹೆಗಲ ಮೇಲಿನ ಟವಲನ್ನು ನೆಲಕ್ಕೆ ಹಾಸಿ ಅವಳ ಪಕ್ಕ ಕುಳಿತ. ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಮೊದಲ ತುಂಡನ್ನು ಅವಳ ಕೈಗೆ ಕೊಟ್ಟ.